ತುಮಕೂರಿನಿಂದ ಪೆಂಗ್ವಿನ್ ಬೀಡಿಗೆ: ಮಕ್ಕಳು, ಅತ್ತೆ ಸಮೇತ ಹೋಗಿಬರುವ ಬಗೆ

ಪೆಂಗ್ವಿನ್ ನೋಡೋಕೆ ಹೋಗೋಣ ಅಂದ ಕೂಡಲೇ ನಮ್ಮತ್ತೆ ಟ್ರಂಕಿನಿಂದ ಉಣ್ಣೆ ಶಾಲು ತೆಗೆದು ಬಿಸಿಲಿಗೆ ಹಾಕಿದರು. ನಾಲ್ಕು ವರ್ಷದ ಮಗಳು ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ಕೈ ಒಳಗಿಟ್ಟು ಅಭ್ಯಾಸ ಶುರು ಮಾಡಿದಳು. ನಾವು ಹೋದ ಜಾಗದಲ್ಲಿ ಹಿಮವೂ ಇಲ್ಲ, ಮಂಜುಗಡ್ಡೆಯೂ ಇಲ್ಲ. ಪೆಂಗ್ವಿನ್‌ಗಳಲ್ಲಿ 18 ಜಾತಿ. ಅವುಗಳಲ್ಲಿ ಆಫ್ರಿಕನ್ ಪೆಂಗ್ವಿನ್ ಇರುವುದು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕರಾವಳಿಯಲ್ಲಿ, ಬಿಸಿಲು, ಮರಳು, ಕುರುಚಲು ಗಿಡಗಳ ನಡುವೆ. ಕೇಪ್‌ಟೌನ್‌ನಿಂದ ಸುಮಾರು 40 ಕಿ.ಮೀ. ದೂರದ ಸೈಮನ್ಸ್‌ಟೌನ್ ಎಂಬ ಪುಟ್ಟ ಊರಿನ ಬೋಲ್ಡರ್ಸ್ ಬೀಚ್‌ನಲ್ಲಿ ಇವುಗಳ ಒಂದು ಬೀಡು ಇದೆ. ಪಂಜರವಲ್ಲ, ಕಾಡು ಹಕ್ಕಿಗಳೇ. ಮನೆಗಳ ಕಾಂಪೌಂಡಿನ ಪಕ್ಕದಲ್ಲೇ ಸಂಸಾರ ಹೂಡಿವೆ.

ನಾನು, ಯಜಮಾನರು, ಒಂಬತ್ತು ವರ್ಷದ ಮಗ, ಮಗಳು, ಅತ್ತೆ, ಒಟ್ಟು ಐದು ಜನ ಹೋಗಿ ಬಂದೆವು. ಆಗಿನಿಂದ ಸಿಕ್ಕಿದವರೆಲ್ಲ "ಹೆಂಗ್ರೀ ಹೋದ್ರಿ, ನಮಗೂ ಹೇಳಿ" ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಗಂಟಲು ಕಟ್ಟಿತು, ಅದಕ್ಕೇ ಇದು.

ಹೊರಡುವ ಮೊದಲು ಮನೆಯವರಿಗೆಲ್ಲ ಒಂದು ಮಾತು ಮನದಟ್ಟಾಗಬೇಕು. ನೀವು ಹೋಗುತ್ತಿರುವುದು ಪ್ರದರ್ಶನಕ್ಕಲ್ಲ, ಬಾಣಂತಿ ಮನೆಗೆ. ಬಾಣಂತಿ ಮನೆಗೆ ಹೋದವರು ಹೇಗಿರುತ್ತಾರೆ? ಕೈಕಾಲು ತೊಳೆದು, ದನಿ ತಗ್ಗಿಸಿ, ಮಗುವನ್ನು ದೂರದಿಂದ ನೋಡಿ, ಹೆಚ್ಚು ಹೊತ್ತು ಕೂರದೆ ಎದ್ದು ಬರುತ್ತಾರೆ. ಇದನ್ನು ಹೇಳಿದ್ದು ನಮ್ಮತ್ತೆ. ನಾನು ಇಂಟರ್‌ನೆಟ್‌ನಿಂದ ಬರೆದಿಟ್ಟುಕೊಂಡಿದ್ದ ನಿಯಮಗಳ ಉದ್ದದ ಪಟ್ಟಿ ಈ ಒಂದು ಮಾತಿನೊಳಗೆ ಹಿಡಿಸಿಬಿಟ್ಟಿತು.

ಹೆಜ್ಜೆ 1: ತಿಂಗಳು ಗೊತ್ತು ಮಾಡಿ

ಅಲ್ಲಿ ಋತುಗಳು ನಮಗೆ ತಿರುಗುಮುರುಗು. ನಮ್ಮ ಬೇಸಿಗೆ ರಜೆ ಅವರಿಗೆ ಚಳಿಗಾಲದ ಹೊಸ್ತಿಲು. ಜೂನ್‌ನಿಂದ ಆಗಸ್ಟ್ ಚಳಿ ಮತ್ತು ಮಳೆ. ಡಿಸೆಂಬರ್, ಜನವರಿ ಬಿರು ಬೇಸಿಗೆ, ಜೊತೆಗೆ ಆಗ್ನೇಯದಿಂದ ಬೀಸುವ ಗಾಳಿ. ಮರಳು ಮುಖಕ್ಕೆ ರಾಚುತ್ತದೆ.

ಹಕ್ಕಿಗಳ ಲೆಕ್ಕ ಬೇರೆ. ಡಿಸೆಂಬರ್ ಆಸುಪಾಸಿನಲ್ಲಿ ಅವು ಗರಿ ಉದುರಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ನಮ್ಮ ದಸರಾ ರಜೆಯ ಹೊತ್ತಿಗೆ, ಗರಿ ಉದುರುವ ಮುಂಚೆ ಮೈ ಬೆಳೆಸಿಕೊಳ್ಳಲು ಬಹಳಷ್ಟು ಹಕ್ಕಿಗಳು ಕಡಲಿಗೆ ಹೋಗಿಬಿಟ್ಟಿರುತ್ತವೆ. ದಸರಾಗೆ ಹೋಗಿ "ಅಷ್ಟೇನಾ?" ಎಂದು ಬಂದವರನ್ನು ಕಂಡಿದ್ದೇನೆ. ಮಾರ್ಚ್‌ನಿಂದ ಮೇವರೆಗೆ ಗೂಡು, ಮೊಟ್ಟೆ, ಮರಿಗಳ ಕಾಲ. ನಮ್ಮ ಶಾಲೆಗಳ ಪರೀಕ್ಷೆ ಮುಗಿದು ಫಲಿತಾಂಶ ಬರುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಆಗ ಹೊರಟರೆ ಬಿಸಿಲೂ ಹದ, ಗಾಳಿಯೂ ಕಡಿಮೆ, ಮರಿಗಳೂ ಸಿಗುತ್ತವೆ. ಶಾಲಾ ಮಕ್ಕಳಿರುವ ಮನೆಗೆ ಏಪ್ರಿಲ್ ಬಿಟ್ಟರೆ ಬೇರೆ ತಿಂಗಳು ನಾನು ಹೇಳುವುದಿಲ್ಲ.

ಹೆಜ್ಜೆ 2: ಮೊದಲು ಕಗ್ಗಲಡುವಿನಲ್ಲಿ ತಾಲೀಮು

ಇದನ್ನು ಬಿಡಬೇಡಿ. ಲಕ್ಷಾಂತರ ರೂಪಾಯಿ ಸುರಿದು ಅಷ್ಟು ದೂರ ಹೋದಮೇಲೆ ಮಗು ಕಿರುಚಿಕೊಂಡು ಹಕ್ಕಿಯ ಹಿಂದೆ ಓಡಿದರೆ ಏನು ಮಾಡುತ್ತೀರಿ? ಅದಕ್ಕೆ ಔಷಧ ನಮ್ಮ ಜಿಲ್ಲೆಯಲ್ಲೇ ಇದೆ. ತುಮಕೂರಿನಿಂದ ಶಿರಾಕ್ಕೆ ಸುಮಾರು 50 ಕಿ.ಮೀ., ಅಲ್ಲಿಂದ ಒಳಕ್ಕೆ ಹೋದರೆ ಕಗ್ಗಲಡು. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುವ ಹಳ್ಳಿ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರಿಂದ ಹೊರಜಗತ್ತಿಗೆ ಇದರ ಸುದ್ದಿ ತಿಳಿಯಿತು. ಊರವರಿಗೆ ಅದು ಸುದ್ದಿಯೇ ಆಗಿರಲಿಲ್ಲ, ಬಿಡಿ. ಹಕ್ಕಿ ಬರುತ್ತವೆ, ಇರುತ್ತವೆ, ಹೋಗುತ್ತವೆ, ಯಾರೂ ಕಲ್ಲೆಸೆಯುವುದಿಲ್ಲ.

ಫೆಬ್ರವರಿ ಕೊನೆ ಅಥವಾ ಮಾರ್ಚ್‌ನ ಒಂದು ಭಾನುವಾರ ಬೆಳಗ್ಗೆ ಬೇಗ ಹೊರಡಿ. ಕೆರೆಗಳಲ್ಲಿ ನೀರಿಲ್ಲದ ವರ್ಷ ಹಕ್ಕಿ ಕಡಿಮೆ. ಆದ್ದರಿಂದ ಶಿರಾ ಕಡೆಯ ಪರಿಚಯದವರಿಗೆ ಫೋನ್ ಮಾಡಿ "ಕೊಕ್ಕರೆ ಬಂದವಾ?" ಎಂದು ಕೇಳಿಕೊಳ್ಳಿ.

ಅಲ್ಲಿ ಮಾಡಬೇಕಾದ ತಾಲೀಮು ಇಷ್ಟು. ಮರದ ಬುಡದಲ್ಲಿ ನಿಲ್ಲಬೇಡಿ, ಕೊಂಚ ದೂರದಲ್ಲಿ ನೆರಳು ನೋಡಿಕೊಂಡು ನಿಲ್ಲಿ. ಬುಡದಲ್ಲಿ ನಿಂತರೆ ಮೇಲಿಂದ ಏನು ಬೀಳುತ್ತದೆಂದು ಹೇಳಬೇಕಾಗಿಲ್ಲ. ನಮ್ಮ ಯಜಮಾನರ ಬಿಳಿ ಅಂಗಿ ಸಾಕ್ಷಿ. ಹತ್ತು ನಿಮಿಷ ಯಾರೂ ಮಾತಾಡಬಾರದು ಎಂದು ಪಂಥ ಕಟ್ಟಿ. ಮೊದಲ ಸಲ ನನ್ನ ಮಗಳು ಮೂರು ನಿಮಿಷಕ್ಕೆ ಸೋತಳು, ಎರಡನೇ ಸಲಕ್ಕೆ ಏಳು ನಿಮಿಷ ತಡೆದಳು. ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ತಾವೇ ಹೊಂದಿಸಿಕೊಳ್ಳಲು ಬಿಡಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಅದಕ್ಕಿಂತ ಹೆಚ್ಚಿನದು ಎಳೆ ಕೈಯಲ್ಲಿ ನಡುಗಿ ಏನೂ ಕಾಣುವುದಿಲ್ಲ.

ನೋಡಿಸಬೇಕಾದ ದೃಶ್ಯ ಒಂದಿದೆ. ಬಿಸಿಲು ಏರಿದಂತೆ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಅಗಲಿಸಿ ಕೊಡೆ ಹಿಡಿದ ಹಾಗೆ ನಿಲ್ಲುತ್ತದೆ. ನೆರಳು ಮರಿಗಳಿಗೆ, ಸುಡುವ ಬೆನ್ನು ತನಗೆ. ಅದನ್ನು ತೋರಿಸಿ ಮಗನನ್ನು ಕೇಳಿದೆ, "ಈಗ ನಾವು ಚಪ್ಪಾಳೆ ತಟ್ಟಿ ಇದನ್ನ ಹಾರಿಸಿದ್ರೆ ಏನಾಗುತ್ತೆ?" ಅವನು ಸ್ವಲ್ಪ ಹೊತ್ತು ಯೋಚಿಸಿ, "ಮರಿ ಬೆಂದುಹೋಗುತ್ತಮ್ಮ" ಅಂದ. "ಕಾಗೆನೂ ಬರ್ತವೆ" ಎಂದು ಅತ್ತೆ ಸೇರಿಸಿದರು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ನಾನು ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ವಾಸನೆಯ ಪರಿಚಯವೂ ಅಲ್ಲೇ ಆಗಿಬಿಡುತ್ತದೆ. ಮೀನು ತಿನ್ನುವ ಹಕ್ಕಿಗಳ ಬೀಡು ಎಲ್ಲಿದ್ದರೂ ಒಂದೇ ನಾತ.

ಹೆಜ್ಜೆ 3: ಕಾಗದಪತ್ರ

ಪ್ರವಾಸ ಕೆಡುವುದು ಕಡಲ ಗಾಳಿಯಿಂದಲ್ಲ, ಇನಿಷಿಯಲ್‌ನಿಂದ. ನಮ್ಮ ಕಡೆ ಇನಿಷಿಯಲ್ ಎಂದರೆ ಒಮ್ಮೆ ಊರು, ಒಮ್ಮೆ ಅಪ್ಪ, ಒಮ್ಮೆ ಎರಡೂ. ಪಾಸ್‌ಪೋರ್ಟ್‌ಗೆ ಅದು ಅರ್ಥವಾಗುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಹಾಗೆ ಬಿಡಿಸಿ ಬರೆದದ್ದು ಒಂದು ಕಾಗದದಲ್ಲಿ ಒಂದು ತರ, ಇನ್ನೊಂದರಲ್ಲಿ ಇನ್ನೊಂದು ತರ.

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರಿಗೆ ದಕ್ಷಿಣ ಆಫ್ರಿಕಾ ವೀಸಾ ಬೇಕೇ ಬೇಕು, ಅದೂ ಹೊರಡುವ ಮೊದಲೇ. ಮಕ್ಕಳ ವಿಷಯದಲ್ಲಿ ಆ ದೇಶ ಬಹಳ ಕಟ್ಟುನಿಟ್ಟು. ಮಕ್ಕಳ ಕಳ್ಳಸಾಗಣೆ ತಡೆಯಲು ಮಾಡಿದ ನಿಯಮವಿದು, ಕಿರಿಕಿರಿ ಎನಿಸಿದರೂ ಬೈಯಬೇಡಿ. ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಬೇಕು. ಇಬ್ಬರಲ್ಲಿ ಒಬ್ಬರು ಜೊತೆಗೆ ಬರದಿದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಅಜ್ಜಿ ತಾತನ ಜೊತೆ ಮಾತ್ರ ಕಳಿಸುವುದಾದರೆ ಇನ್ನೂ ಹೆಚ್ಚಿನ ಕಾಗದ.

ಈಗ ನಮ್ಮ ಮನೆಯ ಕಥೆ. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ! ಆಸ್ಪತ್ರೆಯಿಂದ ನೋಂದಣಿಯಾದಾಗ ನಾಮಕರಣ ಆಗಿರಲಿಲ್ಲ, ಆದಮೇಲೆ ಸೇರಿಸುವುದನ್ನು ನಾವೇ ಮರೆತೆವು. ಮಗನದರಲ್ಲಿ ನನ್ನ ಹೆಸರು ಬರೀ ಹೆಸರಾಗಿತ್ತು, ನನ್ನ ಪಾಸ್‌ಪೋರ್ಟ್‌ನಲ್ಲಿ ನಮ್ಮಪ್ಪನ ಹೆಸರೂ ಸೇರಿದೆ. ಹೆಸರು ಸೇರಿಸುವುದು, ತಿದ್ದಿಸುವುದು, ಅಫಿಡವಿಟ್ಟು, ನೋಟರಿ ಎಂದು ಓಡಾಡುವಷ್ಟರಲ್ಲಿ ಒಂದು ಸಂಕ್ರಾಂತಿ ಕಳೆದುಹೋಯಿತು. ತಪ್ಪು ಬೇರೆ ಯಾರದ್ದೂ ಅಲ್ಲ, ಕಾಗದವನ್ನು ಬೀರುವಿಗೆ ಹಾಕುವ ಮುನ್ನ ಓದದ ನಮ್ಮದೇ. ಹಾಗಾಗಿ ಪ್ರವಾಸದ ಮಾತು ಬಂದ ದಿನವೇ, ಟಿಕೆಟ್ ಬೆಲೆ ನೋಡುವ ಮುಂಚೆಯೇ, ಎಲ್ಲರ ಕಾಗದ ಊಟದ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ತಾಳೆ ನೋಡಿ. ಎಂಟು ತಿಂಗಳ ಮುಂಚೆ ಎಂದಿಟ್ಟುಕೊಳ್ಳಿ.

ಅನುಕ್ರಮ ಹೀಗಿರಲಿ: ಜನನ ಪ್ರಮಾಣಪತ್ರ ಸರಿಮಾಡಿಸುವುದು ಮೊದಲು, ಮಕ್ಕಳ ಪಾಸ್‌ಪೋರ್ಟ್ ಆಮೇಲೆ, ವೀಸಾ ಕೊನೆಗೆ. ಮಕ್ಕಳ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರೂ ಸಹಿ ಮಾಡುವ ಅನೆಕ್ಸರ್ ಡಿ ನಮೂನೆ ಬೇಕು. ಮಕ್ಕಳ ಪಾಸ್‌ಪೋರ್ಟ್‌ನ ಅವಧಿ ಐದೇ ವರ್ಷ. ದೊಡ್ಡ ಮಗುವಿಗೆ ಹಿಂದೆ ಮಾಡಿಸಿದ್ದರೆ ಮುಗಿದಿದೆಯಾ ನೋಡಿ. ಪಾಸ್‌ಪೋರ್ಟ್‌ನಲ್ಲಿ ಖಾಲಿ ಪುಟಗಳಿರಬೇಕು. ವೀಸಾ ಅರ್ಜಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿಬರುವ ಟಿಕೆಟ್, ತಂಗುವ ಜಾಗದ ಬುಕಿಂಗ್, ಕೆಲಸದ ಕಡೆಯಿಂದ ರಜೆ ಪತ್ರ, ಇವೆಲ್ಲ ಕೇಳುತ್ತಾರೆ. ಅಂಗಡಿ, ತೋಟ, ವ್ಯಾಪಾರದವರು ಆದಾಯ ತೆರಿಗೆ ರಿಟರ್ನ್ ಇಟ್ಟುಕೊಳ್ಳಿ. ಪಟ್ಟಿ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವಾರ ಅಧಿಕೃತ ಜಾಲತಾಣದಲ್ಲಿ ಓದಿಯೇ ಹೊರಡಿ. ಕೆಲವು ಏಜೆಂಟರು "ಅದೆಲ್ಲ ಬೇಡ ಮೇಡಂ" ಎನ್ನುತ್ತಾರೆ. ಬೇಕು ಮೇಡಂ, ಬೇಕು.

ಹೆಜ್ಜೆ 4: ಟಿಕೆಟ್ ಮತ್ತು ಹಳದಿ ಜ್ವರದ ಲೆಕ್ಕ

ಬೆಂಗಳೂರಿನಿಂದ ಕೇಪ್‌ಟೌನ್‌ಗೆ ನೇರ ವಿಮಾನವಿಲ್ಲ. ದುಬೈ ಅಥವಾ ದೋಹಾ ಮೂಲಕ ಹೋಗಬಹುದು, ಆಡಿಸ್ ಅಬಾಬಾ ಮೂಲಕವೂ ಹೋಗಬಹುದು. ಬರೀ ಬೆಲೆ ನೋಡಿ ಒತ್ತಿಬಿಡಬೇಡಿ. ಇಥಿಯೋಪಿಯಾ, ಕೀನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ವಾಪಸು ಬರುವಾಗ ನಮ್ಮ ದೇಶವೂ ಈ ವಿಷಯದಲ್ಲಿ ಬಿಗಿ. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಇದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. 60 ದಾಟಿದವರಿಗೆ ವೈದ್ಯರು ಹಿಂದೆಮುಂದೆ ನೋಡಿಯೇ ಕೊಡುವುದು. ಅತ್ತೆಗೆ 67. ನಾವು ಕೊಲ್ಲಿ ದೇಶದ ದಾರಿ ಹಿಡಿದೆವು. ದುಡ್ಡು ಸ್ವಲ್ಪ ಹೆಚ್ಚಾಯಿತು, ತಲೆನೋವು ತಪ್ಪಿತು. ಕೇಪ್‌ಟೌನ್ ಕಡೆ ಮಲೇರಿಯಾ ಭಯ ಇಲ್ಲ. ಸಿಂಹ, ಆನೆ ಎಂದು ಕ್ರೂಗರ್ ಕಾಡಿಗೂ ಹೋಗುವುದಾದರೆ ಮಾತ್ರ ವೈದ್ಯರನ್ನು ಕೇಳಿ.

ವಿಮಾನ ನಿಲ್ದಾಣಕ್ಕೆ ಹೋಗಲು ನೆಲಮಂಗಲ, ಹೆಬ್ಬಾಳ ಎಂದು ಬೆಂಗಳೂರಿನೊಳಗೆ ಸಿಕ್ಕಿಕೊಳ್ಳಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಟೂರ್ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಎಂದು ಒಂದಿಷ್ಟು ಹಿಡಿಯುತ್ತಾರೆ. ಗಾಬರಿ ಬೇಡ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆ ರಸೀದಿ ಎಸೆಯಬೇಡಿ ಅಷ್ಟೇ.

ಹೆಜ್ಜೆ 5: ಗಂಟುಮೂಟೆ

ಉಣ್ಣೆ ಶಾಲು ವ್ಯರ್ಥವಾಗಲಿಲ್ಲ, ಬೆಳಗಿನ ಕಡಲ ಗಾಳಿಗೆ ಬೇಕಾಯಿತು. ಪದರ ಪದರವಾಗಿ ಹಾಕಿ ತೆಗೆಯುವ ಬಟ್ಟೆ, ಗಾಳಿ ತಡೆಯುವ ಒಂದು ಜಾಕೆಟ್, ಗಲ್ಲಕ್ಕೆ ಕಟ್ಟುವ ಟೋಪಿ. ಚಪ್ಪಲಿ ಬೇಡ, ಬೂಟು ಇರಲಿ.

ಚಾರ್ಜರ್‌ಗೆ ಒಂದು ಗುಟ್ಟು. ಅಲ್ಲಿ ಹಳೆಯ ಕಟ್ಟಡಗಳ ಪ್ಲಗ್ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನದೇ. ಮೊಬೈಲಿನ ಸಣ್ಣ ಪಿನ್ ಅದರಲ್ಲಿ ನಿಲ್ಲುವುದಿಲ್ಲ. ದೊಡ್ಡ ಪಿನ್ನಿಂದ ಸಣ್ಣದಕ್ಕೆ ಬದಲಿಸುವ ಅಡಾಪ್ಟರ್ ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ, ವಿಮಾನ ನಿಲ್ದಾಣದಲ್ಲಿ ಹತ್ತು ಪಟ್ಟು ಕೊಟ್ಟು ಕೊಳ್ಳಬೇಡಿ.

ತಿಂಡಿ ವಿಷಯದಲ್ಲಿ ಅತ್ತೆಗೂ ನನಗೂ ಸಣ್ಣ ಯುದ್ಧ ನಡೆಯಿತು. ಹಣ್ಣು, ಬಿತ್ತನೆ ಬೀಜ, ಹಾಲಿನ ಪದಾರ್ಥ, ಜೇನು, ಮಾಂಸ ಇವನ್ನು ಪರವಾನಗಿ ಇಲ್ಲದೆ ಆ ದೇಶಕ್ಕೆ ಒಯ್ಯುವ ಹಾಗಿಲ್ಲ. ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಉಳಿದವು. ಹುರಿದ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಪೊಟ್ಟಣದ ಉಪ್ಪಿಟ್ಟು ಮಿಶ್ರಣ ಹೊರಟವು. ಕೇಳಿದರೆ ಮುಚ್ಚಿಡದೆ ತೋರಿಸಿ. ಅಡುಗೆಮನೆ ಇರುವ ತಂಗುಮನೆ ಹಿಡಿದರೆ ಅಕ್ಕಿ, ಬೇಳೆ, ತರಕಾರಿ, ಮೊಸರು ಅಲ್ಲೇ ಸಿಗುತ್ತವೆ. ಇನ್ನೊಂದು: ಅಲ್ಲಿನ ಜನರ ಊಟ ಪ್ಯಾಪ್, ಬಿಳಿ ಜೋಳದ ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತೊಳಸಿದ್ದು. ಅಲ್ಲಿ ಬಿಳಿ ಜೋಳವೆಂದರೆ ಮುಸುಕಿನ ಜೋಳದ ಬಿಳಿ ತಳಿ. ಅತ್ತೆ ಒಂದು ತುತ್ತು ಮುರಿದು ನೋಡಿ, "ಮುದ್ದೇನೇ ಕಣಮ್ಮ, ಸುಣ್ಣ ಬಳ್ದವ್ರೆ" ಅಂದರು. ಮಾರನೆಯ ದಿನದಿಂದ ಅವರ ಊಟದ ಚಿಂತೆ ಬಗೆಹರಿಯಿತು.

ಹೆಜ್ಜೆ 6: ತಂಗುವುದು ಎಲ್ಲಿ

ಎಲ್ಲರೂ ಕೇಪ್‌ಟೌನ್ ನಗರದಲ್ಲಿ ಕೋಣೆ ಹಿಡಿದು ಒಂದೇ ದಿನದ ಬಸ್ಸಿನಲ್ಲಿ ಪೆಂಗ್ವಿನ್ನು, ಕೇಪ್ ಪಾಯಿಂಟು, ದ್ರಾಕ್ಷಿ ತೋಟ ಎಲ್ಲ ಸುತ್ತುತ್ತಾರೆ. ಬೀಡಿಗೆ ಸಿಗುವುದು ಮುಕ್ಕಾಲು ಗಂಟೆ, ಅದೂ ಹತ್ತು ಬಸ್ಸಿನ ಜನ ಒಟ್ಟಿಗೆ ಇಳಿದಾಗ. ನಾವೂ ಮೊದಲ ದಿನ ಹನ್ನೊಂದು ಗಂಟೆಗೆ ಹೋಗಿ ಪೆಂಗ್ವಿನ್‌ಗಿಂತ ಸೆಲ್ಫಿ ಕೋಲನ್ನೇ ಹೆಚ್ಚು ನೋಡಿದೆವು. ನನ್ನ ಮಾತು ಕೇಳಿ: ಸೈಮನ್ಸ್‌ಟೌನ್‌ನಲ್ಲೇ ಎರಡು ರಾತ್ರಿ ಉಳಿಯಿರಿ. ಎರಡು ಬೆಳಗು ಕೈಯಲ್ಲಿದ್ದರೆ ಒಂದು ಗಾಳಿ ಮಳೆಗೆ ಹೋದರೂ ಇನ್ನೊಂದು ಉಳಿಯುತ್ತದೆ.

ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಮೂರೂವರೆಗೆ ಎದ್ದು ಕೂರುತ್ತದೆ. ಬೈಯಬೇಡಿ, ಅದು ಅನುಕೂಲವೇ. ಬಾಗಿಲು ತೆಗೆಯುವ ಹೊತ್ತಿಗೆ ಸಾಲಿನಲ್ಲಿ ಮೊದಲು ನೀವೇ ಇರುತ್ತೀರಿ.

ಗಾಡಿ ನಮ್ಮ ಹಾಗೇ ಎಡಬದಿ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಬಾಡಿಗೆ ಕಾರಿನವರು ಕೇಳಿದರೆ ಇರಲಿ ಎಂದು ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಕಾರಿನ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿಯೇ ಓಡಿಸಿ. ದೇವರಾಯನದುರ್ಗದ ಕೋತಿಗಳನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ, ಆದರೆ ಅಲ್ಲಿನವು ಬಬೂನ್‌ಗಳು, ನಾಯಿಯಷ್ಟು ದೊಡ್ಡವು, ಕಾರಿನ ಬಾಗಿಲು ತೆಗೆಯಲೂ ಬಲ್ಲವು. ರಾತ್ರಿ ಕಾಲ್ನಡಿಗೆಯಲ್ಲಿ ಅಲೆಯುವುದು ಬೇಡ.

ಹೆಜ್ಜೆ 7: ಬೀಡಿನ ಮುಂದೆ

ಬೋಲ್ಡರ್ಸ್ ಇರುವುದು ಟೇಬಲ್ ಮೌಂಟನ್ ರಾಷ್ಟ್ರೀಯ ಉದ್ಯಾನದೊಳಗೆ. ಏಪ್ರಿಲ್‌ನಲ್ಲಿ ಬೆಳಗ್ಗೆ 8ರಿಂದ ಸಂಜೆ 5ರ ತನಕ ತೆರೆದಿರುತ್ತದೆ. ಟಿಕೆಟ್ ಒಂದೇ, ಜಾಗ ಎರಡು. ಒಂದು ಫಾಕ್ಸಿ ಬೀಚ್: ಮರದ ಹಲಗೆಯ ಅಟ್ಟಣೆ ದಾರಿ ಗೂಡುಗಳ ನಡುವೆ ಹಾದು ಕಡಲಂಚಿನ ಕಟ್ಟೆಗೆ ಹೋಗುತ್ತದೆ. ವಯಸ್ಸಾದವರಿಗೆ ಇದೇ ಸರಿ. ಇನ್ನೊಂದು ಈಜುವ ಬೀಚು. ಅಲ್ಲಿಗೆ ದುಂಡು ಬಂಡೆಗಳ ಸಂದಿಯಲ್ಲಿ ನುಸುಳಿ ಹೋಗಬೇಕು. ಆ ಬಂಡೆಗಳನ್ನು ಕಂಡು ಮಗ "ಮಧುಗಿರಿ ಬೆಟ್ಟದ ಕಲ್ಲು ಇಲ್ಲಿಗೆ ಯಾರು ತಂದ್ರು?" ಅಂದ. ಅವೂ ಗ್ರಾನೈಟೇ, ಸುಮಾರು 54 ಕೋಟಿ ವರ್ಷ ಹಳೆಯವು. ಎರಡರ ನಡುವೆ ವಿಲ್ಲಿಸ್ ವಾಕ್ ಎಂಬ ಕಾಲುದಾರಿ ಇದೆ, ಪೊದೆಯೊಳಗಿನ ಗೂಡುಗಳು ಅಲ್ಲೂ ಕಾಣುತ್ತವೆ. ಮೊದಲು ಫಾಕ್ಸಿಗೆ ಹೋಗಿ, ಬಸ್ಸುಗಳು ಬರುವಷ್ಟರಲ್ಲಿ ಮುಗಿಸಿ. ಕಡಲಿಗೆ ಹೋದ ಹಕ್ಕಿಗಳು ಸಂಜೆಯತ್ತ ಮರಳುತ್ತವೆ, ಆದ್ದರಿಂದ ಮೂರೂವರೆ ಮೇಲೆ ಇನ್ನೊಮ್ಮೆ.

ಕಾಣುವ ಮೊದಲೇ ಕೇಳಿಸುತ್ತದೆ. ಅತ್ತೆ ಗೇಟಿನ ಬಳಿ ನಿಂತು, "ಏನವ್ವಾ ಇದು, ಕತ್ತೆ ಕೂಗ್ದಂಗೈತಲ್ಲ! ಇಲ್ಲಿ ಅಗಸರ ಮನೆ ಐತೇನು?" ಎಂದರು. ಕತ್ತೆಯಂತೆ ಕೂಗುತ್ತದೆಂದೇ ಇದಕ್ಕೆ ಇಂಗ್ಲಿಷ್‌ನಲ್ಲಿ ಜಾಕ್‌ಆಸ್ ಪೆಂಗ್ವಿನ್ ಎಂಬ ಹೆಸರೂ ಉಂಟು. ಆಮೇಲೆ ಕಂಡಿತು. ಇಷ್ಟೇ ಇಷ್ಟು! ಎತ್ತರ 60ರಿಂದ 70 ಸೆಂ.ಮೀ., ತೂಕ ಮೂರು ಕಿಲೋ ಆಸುಪಾಸು. ಟಿವಿಯ ದೊಡ್ಡ ಪೆಂಗ್ವಿನ್ ಮನಸ್ಸಿನಲ್ಲಿಟ್ಟುಕೊಂಡು ಹೋದ ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿ.

ಮಕ್ಕಳಿಗೆ ಹುಡುಕುವ ಕೆಲಸ ಕೊಡಿ, ಇಲ್ಲದಿದ್ದರೆ ಕಾಲು ಗಂಟೆಗೆ ಐಸ್‌ಕ್ರೀಮ್ ಕೇಳುತ್ತಾರೆ. ನಾನು ಕೊಟ್ಟದ್ದು ಇವು.

ಎದೆಯ ಕಪ್ಪು ಚುಕ್ಕೆ ಎಣಿಸು. ಒಂದರ ಚುಕ್ಕೆಯ ವಿನ್ಯಾಸ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಹಾಗೆ. ಮಗ ಒಂದಕ್ಕೆ "ಏಳು ಚುಕ್ಕಿ ಶಿವಣ್ಣ" ಎಂದು ಹೆಸರಿಟ್ಟು ಸಂಜೆ ಮತ್ತೆ ಅದನ್ನೇ ಪತ್ತೆ ಹಚ್ಚಿದ.

ಕಣ್ಣಿನ ಮೇಲಿನ ಗುಲಾಬಿ ತೇಪೆ ನೋಡು. ಅಲ್ಲಿ ಗರಿಯಿಲ್ಲ. ಮೈ ಬಿಸಿಯಾದಾಗ ಅಲ್ಲಿಗೆ ರಕ್ತ ಹೆಚ್ಚು ಹರಿದು ತಂಪಾಗುತ್ತದೆ, ಬಣ್ಣ ಗಾಢವಾಗುತ್ತದೆ. ಬಿಸಿಲ ನಾಡಿನ ಪೆಂಗ್ವಿನ್ ಮಾಡಿಕೊಂಡ ಉಪಾಯ. ಆದರೆ ಬರೀ ಚರ್ಮವಿರುವ ಜಾಗವೆಂದರೆ ಅಪಾಯವೂ ಹೌದು. 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ 63 ಪೆಂಗ್ವಿನ್‌ಗಳು ಜೇನ್ನೊಣ ಕಚ್ಚಿ ಸತ್ತವು. ಕಚ್ಚಿದ್ದು ಹೆಚ್ಚಾಗಿ ಕಣ್ಣ ಸುತ್ತ.

ಬಣ್ಣ ಬಾರದ್ದನ್ನು ಹುಡುಕು. ಕಂದು ಉಣ್ಣೆಯ ಮುದ್ದೆಯಂತಿರುವುದು ಮರಿ. ಎದೆಪಟ್ಟಿ ಇಲ್ಲದ ಬೂದು ನೀಲಿ ಮೈಯದು ಹರೆಯದ್ದು. ಹರಿದ ಹತ್ತಿ ದಿಂಬಿನಂತೆ ನಿಂತಿದ್ದರೆ ಗರಿ ಉದುರಿಸುತ್ತಿರುವುದು. ಇದನ್ನು ಕಂಡರೆ ಬಹಳ ಜನ "ಪಾಪ, ಕಾಯಿಲೆ" ಎನ್ನುತ್ತಾರೆ. ಕಾಯಿಲೆಯಲ್ಲ. ಎಲ್ಲ ಗರಿ ಒಟ್ಟಿಗೆ ಉದುರಿ ಹೊಸದು ಬರಲು ಸುಮಾರು ಮೂರು ವಾರ. ಅಷ್ಟು ದಿನ ಮೈಗೆ ನೀರು ತಡೆಯುವ ಕವಚ ಇಲ್ಲ, ಕಡಲಿಗೆ ಇಳಿಯುವ ಹಾಗಿಲ್ಲ, ಅಂದರೆ ಊಟವಿಲ್ಲ. ಅದನ್ನು ಹೆದರಿಸಿ ನೀರಿಗಟ್ಟಿದರೆ ಚಳಿಗೆ ಸಿಕ್ಕುತ್ತದೆ.

ಗೂಡು ನೋಡು. ಎರಡು ಮೊಟ್ಟೆ, ಸುಮಾರು 40 ದಿನ ಕಾವು, ಗಂಡು ಹೆಣ್ಣು ಸರದಿಯಲ್ಲಿ. ಅತ್ತೆ ಇದನ್ನು ಕೇಳಿ ಮಗನ ಕಡೆ, ಅಂದರೆ ನಮ್ಮ ಯಜಮಾನರ ಕಡೆ, ಒಂದು ನೋಟ ಬೀರಿದರು. ಕೆಲವು ಕಡೆ ಗೂಡಿನ ಬದಲು ಮನುಷ್ಯರು ಮಾಡಿಟ್ಟ ಡಬ್ಬಿಗಳು ಕಾಣುತ್ತವೆ. ಹಿಂದೆ ಈ ಹಕ್ಕಿಗಳು ತಲೆಮಾರುಗಳಿಂದ ಗಟ್ಟಿಯಾದ ಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡುತ್ತಿದ್ದವು. ಅದು ಒಳ್ಳೆಯ ಗೊಬ್ಬರವೆಂದು 19ನೇ ಶತಮಾನದಲ್ಲಿ ದ್ವೀಪಗಳಿಂದ ಕೆರೆದು ಹಡಗಿಗೆ ತುಂಬಿದರು. ಬಿಲ ಹೋಯಿತು, ಗೂಡು ಬಯಲಿಗೆ ಬಿತ್ತು. ಮೊಟ್ಟೆಗಳನ್ನೂ ದಶಕಗಟ್ಟಲೆ ಕೊಂಡೊಯ್ದರು. ತಾಯಿ ಗೂಡು ಬಿಟ್ಟೆದ್ದ ಕ್ಷಣ ಕಡಲಕಾಗೆಯ ಜಾತಿಯ ಕೆಲ್ಪ್ ಗಲ್ ಬಂದು ಮೊಟ್ಟೆ ಎತ್ತುತ್ತದೆ. ಮಗನಿಗೆ ಕಗ್ಗಲಡುವಿನ ಕಾಗೆ ನೆನಪಾಯಿತು, ಅಟ್ಟಣೆಯ ಮೇಲೆ ಕುಣಿಯುತ್ತಿದ್ದ ಇನ್ಯಾರದೋ ಮಗುವಿಗೆ ಕನ್ನಡದಲ್ಲೇ "ಶ್, ಸುಮ್ನಿರು" ಅಂದ. ಅದಕ್ಕೆ ಅರ್ಥವಾಯಿತು ಕೂಡ.

ಮಾಡಬಾರದ್ದು ಎಲ್ಲವೂ ಬಾಣಂತಿ ಮನೆಯ ಲೆಕ್ಕವೇ. ಅಟ್ಟಣೆಯಿಂದ ಇಳಿಯಬೇಡಿ, ತಿನ್ನಲು ಹಾಕಬೇಡಿ, ಫ್ಲ್ಯಾಶ್ ಬೇಡ, ಡ್ರೋನ್ ಅಂತೂ ಉದ್ಯಾನದಲ್ಲಿ ನಿಷೇಧ. ಈಜುವ ಬೀಚಿನಲ್ಲಿ ಹಕ್ಕಿಯೇ ನಿಮ್ಮ ಪಕ್ಕಕ್ಕೆ ನಡೆದು ಬರಬಹುದು. ಬಂದರೆ ನಿಂತಲ್ಲೇ ನಿಂತು ದಾರಿ ಬಿಡಿ, ಕೈ ಚಾಚಬೇಡಿ. ಕೊಕ್ಕು ಬ್ಲೇಡಿನಷ್ಟು ಹರಿತ, ಎಳೆ ಬೆರಳಿಗೆ ಹೊಲಿಗೆ ಬೀಳುತ್ತದೆ. ಹೊರಡುವಾಗ ಬಗ್ಗಿ ಕಾರಿನ ಕೆಳಗೆ ನೋಡಿ. ನೆರಳಿಗೆಂದು ಬಂದು ಕೂತಿರುತ್ತವೆ. ನಮ್ಮಲ್ಲಿ ನಾಯಿ ಮರಿಗೆ ನೋಡುವುದಿಲ್ಲವೇ, ಹಾಗೆ.

ಬಂಡೆಯ ಮೇಲೆ ಹೆಗ್ಗಣದಂಥದ್ದು ಬಿಸಿಲು ಕಾಯುತ್ತಿದ್ದರೆ ಕಿರುಚಬೇಡಿ. ಅದು ಡ್ಯಾಸಿ, ಆನೆಯ ಹತ್ತಿರದ ನಂಟ. ನಂಬದಿದ್ದರೆ ಓದಿ ನೋಡಿ.

ಮಧ್ಯಾಹ್ನದ ಹೊತ್ತಿಗೆ ಹೇಳಲು ಒಂದು ಕಥೆ

ಬಿಸಿಲಿನ ಹೊತ್ತು ತಂಗುಮನೆಗೆ ಬಂದು ಊಟ ಮಾಡಿ ಮಲಗಿ. ಮಕ್ಕಳು ಮಲಗದಿದ್ದರೆ ಇದನ್ನು ಹೇಳಿ. 2000ದ ಜೂನ್‌ನಲ್ಲಿ ಟ್ರೆಷರ್ ಎಂಬ ಹಡಗು ಕೇಪ್‌ಟೌನ್ ಬಳಿ ಮುಳುಗಿ ಎಣ್ಣೆ ಹರಡಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿತು. ಒಂದೊಂದನ್ನೂ ಹಿಡಿದು ತೊಳೆದರು. ಎಣ್ಣೆ ತಾಗದ ಇನ್ನೂ 19,500 ಹಕ್ಕಿಗಳನ್ನು ಏನು ಮಾಡುವುದು? ಲಾರಿಯಲ್ಲಿ ತುಂಬಿ ನೂರಾರು ಕಿಲೋಮೀಟರ್ ಆಚೆಯ ಪೋರ್ಟ್ ಎಲಿಜಬೆತ್‌ಗೆ ಒಯ್ದು ಕಡಲಿಗೆ ಬಿಟ್ಟರು. ಅವು ಈಜುತ್ತಾ ಮನೆಗೆ ಬರುವಷ್ಟರಲ್ಲಿ ಇಲ್ಲಿ ಎಣ್ಣೆ ತೆಗೆದು ಮುಗಿಸುವ ಲೆಕ್ಕ. ಮೂರಕ್ಕೆ ಉಪಗ್ರಹದ ಗುರುತು ಕಟ್ಟಿದ್ದರು: ಪೀಟರ್, ಪಮೇಲಾ, ಪರ್ಸಿ. ಮೂರೂ ಬಂದವು.

"ದಾರಿ ಹೆಂಗೆ ಗೊತ್ತಾಯ್ತು?" ಎಂದು ಮಗಳು ಕೇಳಿದಳು. "ಬೆಕ್ಕನ್ನ ಗೋಣೀಲಿ ಕಟ್ಟಿ ಬಿಟ್ರೂ ಬರಲ್ವಾ?" ಎಂದರು ಅಜ್ಜಿ.

ದೊಡ್ಡ ಮಕ್ಕಳಿಗೆ ಉಳಿದದ್ದನ್ನೂ ಹೇಳಬೇಕು. ಬೋಲ್ಡರ್ಸ್‌ಗೆ 1982ರಲ್ಲಿ ಬಂದು ನೆಲೆಸಿದ್ದು ಎರಡೇ ಜೋಡಿ, ಆಮೇಲೆ ಇಲ್ಲಿ ಬೆಳೆದವು. ಆದರೆ ಇಡೀ ಜಾತಿಯ ಲೆಕ್ಕದಲ್ಲಿ ಈಗ ಉಳಿದಿರುವುದು 10,000 ಜೋಡಿಗಿಂತ ಕಡಿಮೆ. 2024ರಲ್ಲಿ ಇದನ್ನು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿದರು. ಮುಖ್ಯ ಕಾರಣ ಹಸಿವು. ಇವು ತಿನ್ನುವುದು ಸಾರ್ಡೀನ್, ನಮ್ಮ ಮಂಗಳೂರಿನ ಬೂತಾಯಿಯ ಬಳಗ, ಮತ್ತು ಆಂಚೊವಿ. ಕಡಲು ಬದಲಾಗಿ ಮೀನು ಬೇರೆ ಕಡೆ ಸರಿದಿದೆ, ಉಳಿದದ್ದಕ್ಕೆ ದೋಣಿಗಳ ಪೈಪೋಟಿ. 2025ರ ಮಾರ್ಚ್‌ನಲ್ಲಿ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ಆರು ಬೀಡುಗಳ ಸುತ್ತ 10 ವರ್ಷ ಆ ಮೀನು ಹಿಡಿಯುವ ದೋಣಿಗಳಿಗೆ ಗೆರೆ ಹಾಕಿದ್ದಾರೆ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಗರಿ, ಚಿಪ್ಪು, ಮೊಟ್ಟೆಯ ಚೂರು ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಮಕ್ಕಳ ಜೇಬು ನೀವೇ ತಡಕಿ.

ಯಾರೂ ಹೇಳದ ಕೊನೆಯ ಕೆಲಸ ಬೂಟು ತೊಳೆಯುವುದು. 2022ರಲ್ಲಿ ಇದೇ ಬೀಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಹಿಕ್ಕೆ ಮೆಟ್ಟಿದ ಬೂಟು ಹಾಕಿಕೊಂಡು ಬಂದು ನೆಂಟರ ಕೋಳಿ ಫಾರಂಗೆ ಹೊಕ್ಕರೆ, ಇಲ್ಲವೇ ಕಗ್ಗಲಡುವಿನ ಹುಣಸೆಮರದಡಿ ನಿಂತರೆ ಹೇಗೆ? ಅಲ್ಲಿಂದ ಹೊರಡುವ ಮುಂಚೆಯೇ ಅಡಿಭಾಗದ ಗೆರೆಗಳಲ್ಲಿ ಸಿಕ್ಕಿದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಸೋಪಿನ ನೀರಲ್ಲಿ ತಿಕ್ಕಿ ಒಣಗಿಸಿ. ಊರಿಗೆ ಬಂದು ಇನ್ನೊಮ್ಮೆ ತೊಳೆದು ಬಿಸಿಲಿಗಿಡಿ. ಒಂದೆರಡು ವಾರ ಕೋಳಿಗೂಡಿನ ಕಡೆ ತಲೆ ಹಾಕಬೇಡಿ.

ನಮ್ಮ ಮನೆಯಲ್ಲಿ ಈ ಕೆಲಸ ಅತ್ತೆಯೇ ವಹಿಸಿಕೊಂಡರು. ಐದು ಜೊತೆ ಬೂಟನ್ನೂ ಹಿತ್ತಲ ಒಗೆಯುವ ಕಲ್ಲಿನ ಮೇಲೆ ತಿಕ್ಕಿ, ಉಣ್ಣೆ ಶಾಲಿನ ಪಕ್ಕದಲ್ಲೇ ಸಾಲಾಗಿ ಕವುಚಿ ಹಾಕಿ, ಕೈ ತೊಳೆದುಕೊಳ್ಳುತ್ತಾ ಅಂದರು, "ಬಾಣಂತಿ ನೋಡ್ಕಂಡ್ ಬಂದಿದ್ದಾಯ್ತು. ಇನ್ನು ಸ್ನಾನ ಮಾಡ್ರಿ ಎಲ್ರೂ."